ಉಳಿದ ಒಂದು ಹರದಾರಿ

ತಿಕೋಟಾದಿಂದ ಬಬಲೇಶ್ವರಕ್ಕೆ ನಡೆದು ಹೋದರೆ ನಾಲ್ಕು ಹರದಾರಿ. ಈಗಿನವರು ಕಿಲೋಮೀಟರುಗಳಲ್ಲಿ ಹೇಳುತ್ತಾರೆ, ಅದೂ ಡಾಂಬರು ರಸ್ತೆಯ ಲೆಕ್ಕ. ನಾನು ಹೇಳುತ್ತಿರುವುದು ಹೊಲಗಳ ನಡುವೆ ಬಂಡಿಗಳೂ ಕಾಲುಗಳೂ ತುಳಿದು ಮಾಡಿದ ಹಳೆಯ ದಾರಿಯ ಮಾತು. ಹರದಾರಿ ಎಂದರೆ ಸುಮಾರು ಮೂರು ಮೈಲಿಯ ಅಳತೆ. ಈ ಅರ್ಥ ನನಗೆ ತಿಳಿದದ್ದು ಹದಿನೈದನೆಯ ವಯಸ್ಸಿನಲ್ಲಿ, ವಿಜಯಪುರದ ಸಂಸ್ಕೃತ ಪಾಠಶಾಲೆಯ ಕಪಾಟಿನಲ್ಲಿದ್ದ ಒಂದು ಕನ್ನಡ ನಿಘಂಟಿನಿಂದ. ಅದಕ್ಕೂ ಮೊದಲು ಆ ಪದಕ್ಕೆ ನಾನೇ ಒಂದು ಅರ್ಥ ಕೊಟ್ಟಿದ್ದೆ. ಆ ಅರ್ಥದಿಂದಾಗಿ ಕಳೆದ ವರ್ಷ ನನ್ನ ಅಕ್ಕನ ಕಣ್ಣು ಹೋಗುವುದರಲ್ಲಿತ್ತು.

ನಮ್ಮ ತಾಯಿಯ ತವರು ಬಬಲೇಶ್ವರ. ಬಸ್ಸು ಇಲ್ಲದ ಆ ದಿನಗಳಲ್ಲಿ ವರ್ಷಕ್ಕೆರಡು ಬಾರಿ ಆಕೆ ನಮ್ಮಿಬ್ಬರನ್ನು ಕರೆದುಕೊಂಡು, ಬುತ್ತಿಯ ಗಂಟನ್ನು ತಲೆಯ ಮೇಲಿಟ್ಟುಕೊಂಡು, ನಸುಕಿನಲ್ಲಿ ತಿಕೋಟಾ ಬಿಡುತ್ತಿದ್ದಳು. ಒಂದೊಂದು ಹರದಾರಿಗೆ ಒಂದೊಂದು ಗುರುತು. ಮೊದಲನೆಯದಕ್ಕೆ ಬನ್ನಿಮರದ ಕಟ್ಟೆ, ಎರಡನೆಯದಕ್ಕೆ ಬೇವಿನ ನೆರಳಿನ ಬಾವಿ, ಮೂರನೆಯದಕ್ಕೆ ಹಳ್ಳದ ದಂಡೆಯಲ್ಲಿ ದಾರಿಹೋಕರು ಇಟ್ಟ ಹರಳುಗಳ ಗುಡ್ಡೆ, ನಾಲ್ಕನೆಯದಕ್ಕೆ ಬಬಲೇಶ್ವರದ ಈಶ್ವರನ ಗುಡಿ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಮಠದಲ್ಲಿ ಸಂಧಿ ಬಿಡಿಸುವುದನ್ನು ಆಗಷ್ಟೇ ಕಲಿಯುತ್ತಿದ್ದೆ. ಕಿವಿಗೆ ಬಿದ್ದ ಪದವನ್ನೆಲ್ಲ ಬಿಡಿಸಿ ನೋಡುವ ಹುಚ್ಚು ಹತ್ತಿತ್ತು. ಒಂದು ದಿನ ಬಾವಿಯ ಕಟ್ಟೆಯ ಮೇಲೆ ನಿಂತು, ಹರನ ದಾರಿಯೇ ಹರದಾರಿ, ಆದ್ದರಿಂದ ಪ್ರತಿಯೊಂದು ಗುರುತಿನಲ್ಲಿಯೂ ನಮಸ್ಕಾರ ಮಾಡಬೇಕು ಎಂದು ಅಕ್ಕನಿಗೆ ಅಪ್ಪಣೆ ಕೊಟ್ಟೆ. ನನಗಿಂತ ಏಳು ವರ್ಷ ದೊಡ್ಡವಳಾದ ಆಕೆ ಮರುಮಾತಿಲ್ಲದೆ ಬಾಗಿ ನಮಸ್ಕರಿಸಿದಳು. ತಾಯಿ ನಕ್ಕಳು. ಅಂದಿನಿಂದ ಅಕ್ಕ ಯಾವ ಗುರುತನ್ನೂ ನಮಸ್ಕರಿಸದೆ ದಾಟಲಿಲ್ಲ.

ಅದೇ ವರ್ಷ ನನಗೆ ವಿಷಮಜ್ವರ ಬಂತು. ಮೂರು ವಾರ ನಾನು ಈ ಲೋಕದಲ್ಲಿರಲಿಲ್ಲ. ಜ್ವರದ ಕನವರಿಕೆಯಲ್ಲಿ ಹರನ ದಾರಿ, ಹರನ ದಾರಿ ಎಂದು ಹಲುಬುತ್ತಿದ್ದೆನಂತೆ. ಅಕ್ಕ ದೇವರ ಕೋಣೆಗೆ ಹೋಗಿ ಹರಕೆ ಹೊತ್ತಳು: ತಮ್ಮ ಉಳಿದರೆ ಅವನ ಕೈ ಹಿಡಿದುಕೊಂಡು ನಾಲ್ಕು ಹರದಾರಿಯನ್ನು ಬರಿಗಾಲಿನಲ್ಲಿ ನಡೆದು ಹೋಗಿ, ಬಬಲೇಶ್ವರದ ಈಶ್ವರನಿಗೆ ಕಾಯಿ ಒಡೆಸುತ್ತೇನೆ. ನಾನು ಉಳಿದೆ. ನನ್ನ ಕಾಲಿಗೆ ಶಕ್ತಿ ಬರುವಷ್ಟರಲ್ಲಿ ಸೋದರಮಾವನ ಮಗನೊಂದಿಗೆ ಆಕೆಯ ಮದುವೆಯಾಗಿ ಬಬಲೇಶ್ವರದ ಮನೆ ಸೇರಿದಳು. ಮುಂದೆ ಬಸ್ಸು ಬಂತು, ಮಕ್ಕಳು ಬಂದರು, ನಾನು ವಿಜಯಪುರದಲ್ಲಿ ಪಾಠ ಹೇಳತೊಡಗಿದೆ. ಈ ವರ್ಷ, ಬರುವ ವರ್ಷ ಎನ್ನುತ್ತಲೇ ಅರುವತ್ತು ವರ್ಷಗಳು ಸಂದುಹೋದವು.

ಕಳೆದ ವರ್ಷ ಅಕ್ಕನ ಎರಡೂ ಕಣ್ಣುಗಳಲ್ಲಿ ಪೊರೆ ಬಲಿತು, ಎದುರಿಗೆ ನಿಂತವರು ಬರಿಯ ನೆರಳಾಗಿ ತೋರತೊಡಗಿದರು. ವಿಜಯಪುರದ ವೈದ್ಯರು ಇನ್ನು ತಡಮಾಡಿದರೆ ಒಳಗಿನ ಒತ್ತಡ ಹೆಚ್ಚಿ ದೃಷ್ಟಿಯೇ ಮರಳದೆ ಹೋದೀತೆಂದು ಎಚ್ಚರಿಸಿದರು. ಎರಡು ಬಾರಿ ದಿನ ಗೊತ್ತಾಯಿತು, ಎರಡು ಬಾರಿಯೂ ಆಕೆ ಬರಲಿಲ್ಲ. ಎರಡನೆಯ ಸಲವಂತೂ ಕಾರಿನಲ್ಲಿ ಕುಳಿತವಳು ಊರ ಅಗಸಿಬಾಗಿಲು ದಾಟುವ ಮುಂಚೆ ಇಳಿದುಬಿಟ್ಟಳು. ನಾನು ಹೋಗಿ ಕಾರಣ ಕೇಳಿದೆ. ಹರಕೆ ತೀರದೆ ಹರ ಕಣ್ಣು ಕೊಡುವುದಿಲ್ಲ, ಕತ್ತರಿ ಹಾಕಿಸಿ ಏನು ಫಲ ಎಂದಳು. ಅಶಕ್ತರ ಪರವಾಗಿ ಮತ್ತೊಬ್ಬರು ವ್ರತವನ್ನು ಪೂರೈಸಬಹುದೆಂದು ಶಾಸ್ತ್ರವಿದೆ ಎಂದು ನಾನು ಹೇಳಿದೆ. ಆಕೆ ಕರಾರು ಹಾಕಿ ಒಪ್ಪಿದಳು.

"ಹಂಗಾದ್ರ ನೀನ ನಡಿ. ಹರಕಿ ಹೊತ್ತಿದ್ದೂ ನಿನ್ನ ಸಲುವಾಗಿನ ಅಲ್ಲೇನು. ಆದ್ರ ಕಾಲಾಗ ಚಪ್ಪಲಿ ಇರಬಾರದು, ಗಾಡಿ ಹತ್ತಬಾರದು."

ಆಕೆ ತನ್ನ ಇಳಕಲ್ ಸೀರೆಯ ಹರಿದ ತುಂಡಿನಲ್ಲಿ ಒಂದು ತೆಂಗಿನಕಾಯಿಯನ್ನು ಕಟ್ಟಿ, ತನ್ನ ಕೈಯ ಬದಲು ಇದನ್ನು ಹಿಡಿದು ಬಾ ಎಂದು ಕೊಟ್ಟಳು. ಶಸ್ತ್ರಚಿಕಿತ್ಸೆಗೆ ಮೂರನೆಯ ಸಲ ಗುರುವಾರ ಗೊತ್ತಾಗಿತ್ತು. ಸೋಮವಾರ ನಡೆಯುವುದೆಂದು ನಿಶ್ಚಯಿಸಿದೆ.

ಆ ಸೋಮವಾರ ಲಿಂಗಪೂಜೆಗೆ ಕುಳಿತಾಗಲೇ ಮನಸ್ಸು ನಿಲ್ಲಲಿಲ್ಲ. ಐವತ್ತು ವರ್ಷಗಳಿಂದ ತಪ್ಪದೆ ಹೇಳುತ್ತ ಬಂದ ಮಂತ್ರದ ನಡುವೆ ಎರಡು ಬಾರಿ ತಡವರಿಸಿದೆ. ಗಾಂಧಿ ಚೌಕದ ಹಿಂದಿನ ಓಣಿಯಿಂದ ಹೊರಟು ಮೊದಲ ಬಸ್ಸಿಗೆ ತಿಕೋಟಾ ತಲುಪಿದೆ. ನಾವು ಹುಟ್ಟಿದ ಮನೆಯ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ. ಅದರ ಮುಂದೆ ಚಪ್ಪಲಿ ಬಿಟ್ಟು ಚೀಲಕ್ಕೆ ಹಾಕಿಕೊಂಡು, ಕಾಯಿಯ ಗಂಟನ್ನು ಬಲಗೈಯಲ್ಲಿ ಹಿಡಿದು, ದಕ್ಷಿಣಕ್ಕೆ ಮುಖ ಮಾಡಿದೆ.

ಮೊದಲ ಹರದಾರಿ ಸುಖವಾಗಿಯೇ ಸಾಗಿತು ಎನ್ನಬೇಕು. ಜೋಳ ಮೊಣಕಾಲೆತ್ತರಕ್ಕೆ ಬಂದಿತ್ತು, ಎರೆಮಣ್ಣು ಇಬ್ಬನಿಗೆ ತಂಪಾಗಿತ್ತು. ಆದರೆ ನನ್ನ ಕಾಲಿಗಿಂತ ಚಿತ್ತ ಮುಂದೆ ಓಡುತ್ತಿತ್ತು. ಪಂಚಾಕ್ಷರಿ ಜಪಿಸುತ್ತ ಹೆಜ್ಜೆ ಹಾಕಬೇಕೆಂದುಕೊಂಡವನು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದೆ. ಬನ್ನಿಮರದ ಕಟ್ಟೆ ಇನ್ನೂ ಇತ್ತು. ನಮಸ್ಕರಿಸಿ ಏಳುವಾಗ ಫೋನು ಬಂತು. ಅಕ್ಕನಿಗೆ ಗುಂಡಿಗಳು ಕಾಣದಿದ್ದರೂ ಯಾವುದನ್ನು ಒತ್ತಿಹಿಡಿದರೆ ನಾನು ಸಿಗುತ್ತೇನೆಂಬುದು ಬೆರಳಿಗೆ ಗೊತ್ತು.

"ಎಷ್ಟನೇ ಹರದಾರಿ?"

ಒಂದು ಮುಗಿಯಿತೆಂದೆ. ಬನ್ನಿಯ ಬುಡಕ್ಕೆ ಬಾಗಿದೆಯೋ ಇಲ್ಲವೋ ಎಂದು ವಿಚಾರಿಸಿ, ಮಾತು ಮುಗಿಸದೆಯೇ ಫೋನು ಇಟ್ಟಳು.

ಎರಡನೆಯ ಹರದಾರಿಯಲ್ಲಿ ದಾರಿ ಸಣ್ಣದಾಗುತ್ತ ಬಂತು. ಎರಡೂ ಬದಿಯ ಹೊಲಗಳು ವರ್ಷಕ್ಕೊಂದು ಸಾಲಿನಂತೆ ಅದನ್ನು ಒಳಗೆ ಎಳೆದುಕೊಂಡಿರಬೇಕು. ಕೆಲವು ಕಡೆ ಬದುವಿನ ಮೇಲೆ ಒಂದು ಪಾದ ಇಡುವಷ್ಟೇ ಜಾಗ. ಜಾಲಿಯ ಮುಳ್ಳೊಂದು ಹಿಮ್ಮಡಿಗೆ ನಟ್ಟಿತು. ಕಿತ್ತು ತೆಗೆದರೂ ತುದಿ ಒಳಗೇ ಉಳಿಯಿತು. ಕುಂಟುತ್ತ ಬಾವಿಯ ಜಾಗಕ್ಕೆ ಬಂದಾಗ ಒಂಬತ್ತೂವರೆ. ಬೇವೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಪ್ಲಾಸ್ಟಿಕ್ ಹಾಸಿದ ದೊಡ್ಡ ಕೃಷಿಹೊಂಡದಲ್ಲಿ ನೀರು ಥಳಥಳಿಸುತ್ತಿತ್ತು. ಅದರ ಆಚೆ ಕಣ್ಣು ಹಾಯುವವರೆಗೂ ದ್ರಾಕ್ಷಿ ತೋಟ, ಇಲ್ಲಿಯವರ ಮಾತಿನಲ್ಲಿ ಪಡ; ಪಡದ ಸುತ್ತ ತಂತಿಬೇಲಿ.

ಬೇಲಿಯ ಬಳಿ ಕೂಲಿಯ ಹೆಣ್ಣುಮಗಳೊಬ್ಬಳು ಚಹಾ ಕುಡಿಯುತ್ತ ಕುಳಿತಿದ್ದಳು. ಬಬಲೇಶ್ವರದ ಹಳೆಯ ಹಾದಿ ಎಲ್ಲಿ ಎಂದು ಕೇಳಿದೆ. ಆಕೆ ಲೋಟದಿಂದಲೇ ಬೇಲಿಯ ಒಳಗೆ ತೋರಿಸಿದಳು.

"ಹಾದೀನೂ ಪಡದಾಗ ಐತ್ರಿ ಅಜ್ಜಾರ. ಮ್ಯಾಲ ಬಳ್ಳಿ ಹಬ್ಬೈತಿ."

ಸುತ್ತಿಕೊಂಡು ಹೋಗುವ ದಾರಿಯನ್ನೂ ಆಕೆಯೇ ಹೇಳಿದಳು: ಬೇಲಿಯ ಗುಂಟ ಪಶ್ಚಿಮಕ್ಕೆ, ಆಮೇಲೆ ಕಾಲುವೆಯ ದಂಡೆ, ಆಮೇಲೆ ಮೇಕೆ ಕಾಯುವವರ ದಾರಿ. ಆ ಪ್ರಕಾರ ಹೊರಟವನು ಅರ್ಧ ಗಂಟೆಯ ಬಳಿಕ ಅದೇ ಹೊಂಡದ ಇನ್ನೊಂದು ಮೂಲೆಗೆ ಬಂದು ನಿಂತಿದ್ದೆ. ಹಿಮ್ಮಡಿ ಉರಿಯುತ್ತಿತ್ತು. ಆಗ ಅಕ್ಕನ ಸೊಸೆಯ ಫೋನು ಬಂತು. ಆಕೆ ದನಿ ತಗ್ಗಿಸಿ ಮಾತಾಡಿದಳು.

"ಮಾವಾರ, ಅತ್ತಿ ಮುಂಜಾನಿಂದ ಒಂದ ಹನಿ ನೀರೂ ಕುಡದಿಲ್ರಿ. ಕಾಯಿ ಒಡಿಯೂತನಕ ಮುಟ್ಟೂದಿಲ್ಲ ಅಂತ ಗುಡಿ ಕಟ್ಟಿಮ್ಯಾಲ ಕುಂತಾರ. ಸಕ್ಕರಿ ಕಾಯಿಲೆ ಮೈಯಾಗಿಟ್ಕೊಂಡು ಹಿಂಗ ಮಾಡಿದ್ರ ಹೆಂಗರಿ? ಕೈ ನಡಗಾಕತ್ತಾವು."

ಉಪವಾಸದ ಸಂಗತಿಯನ್ನು ಅಕ್ಕ ನನಗೆ ತಿಳಿಸಿರಲಿಲ್ಲ. ಉಳಿದದ್ದು ಎರಡು ಹರದಾರಿ. ಈ ಕಾಲಿನಲ್ಲಿ ಮಧ್ಯಾಹ್ನ ಎರಡರ ಒಳಗೆ ಮುಟ್ಟುವ ಸಂಭವವಿರಲಿಲ್ಲ. ಆ ಕ್ಷಣಕ್ಕೆ ಸರಿಯಾಗಿ ಪಡದ ಒಡೆಯ ಮೋಟರ್‌ಸೈಕಲ್ ಮೇಲೆ ಬಂದ. ನಲವತ್ತರ ಆಸುಪಾಸಿನವನು, ತಲೆಗೆ ಟವೆಲ್ಲು ಸುತ್ತಿದ್ದ. ಹಣೆಯ ವಿಭೂತಿಯನ್ನೂ ಬರಿಯ ಕಾಲುಗಳನ್ನೂ ನೋಡಿ, ಎಲ್ಲಿಗೆ ಎಂದು ಕೇಳಿದ. ಬಬಲೇಶ್ವರಕ್ಕೆ ಎಂದಷ್ಟೇ ಹೇಳಿದೆ.

"ಹತ್ರಿ ಅಜ್ಜಾರ. ಹಳ್ಳದ ಆಚಿಗಿ ಬಿಡ್ತೇನಿ. ಅಲ್ಲಿಂದ ಹಾದಿ ನೆಟ್ಟಗ ಐತಿ."

ನಾನು ಹತ್ತಿದೆ.

ಮೂರನೆಯ ಹರದಾರಿ ಎಷ್ಟು ನಿಮಿಷದಲ್ಲಿ ಮುಗಿಯಿತೋ ತಿಳಿಯದು. ಹರಳಿನ ಗುಡ್ಡೆಯನ್ನು ನೋಡಬೇಕೆಂದು ಕತ್ತು ತಿರುಗಿಸುವಷ್ಟರಲ್ಲಿ ಹಳ್ಳ ದಾಟಿತ್ತು. ಅವನು ಇಳಿಸಿ, ಕೈಮುಗಿದು, ಬಂದ ದಾರಿಯಲ್ಲಿಯೇ ಹಿಂದಿರುಗಿದ. ನಾನು ಮತ್ತೆ ನಡೆಯತೊಡಗಿದೆ. ನಡೆಯುತ್ತ ನನ್ನ ಪಾಂಡಿತ್ಯ ಕೆಲಸ ಶುರುಮಾಡಿತು. ದಾರಿಯೇ ಇಲ್ಲದ ಕಡೆ ನಡೆಯುವುದು ಹೇಗೆ? ಆಪತ್ತಿನಲ್ಲಿ ನಿಯಮಕ್ಕೆ ಸಡಿಲಿಕೆಯುಂಟು. ಪ್ರಾಣಕ್ಕಿಂತ ವ್ರತ ದೊಡ್ಡದಲ್ಲ. ಅಕ್ಕನ ಪ್ರಾಣಕ್ಕಾಗಿಯೇ ಅಲ್ಲವೇ ನಾನು ಹತ್ತಿದ್ದು? ಒಂದೊಂದು ಯುಕ್ತಿಯೂ ಸರಿಯಾಗಿಯೇ ಇತ್ತು. ಒಂದು ಮುಗಿಯುತ್ತಲೇ ಮತ್ತೊಂದನ್ನು ಹುಡುಕುತ್ತಿದ್ದೆ, ಹಿಂದಿನದರಲ್ಲಿ ನನಗೇ ನಂಬಿಕೆ ಇರಲಿಲ್ಲ. ಕೈಯಲ್ಲಿದ್ದ ಗಂಟನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಾಯಿಸುತ್ತಲೇ ಇದ್ದೆ. ಅಷ್ಟರಲ್ಲಿ ಅಕ್ಕನ ಫೋನು.

"ಎಷ್ಟನೇ ಹರದಾರಿ?"

"ನಾಕನೇದ್ರಾಗ ಅದೀನಿ," ಎಂದೆ.

ಅದು ಸುಳ್ಳಲ್ಲ. ನಾನು ನಿಜವಾಗಿಯೂ ನಾಲ್ಕನೆಯದರಲ್ಲಿದ್ದೆ. ಅಕ್ಕ ಶಿವ ಶಿವ ಎಂದಳು. ಆ ಎರಡು ಮಾತುಗಳು ಹಿಮ್ಮಡಿಯ ಮುಳ್ಳಿಗಿಂತ ಹೆಚ್ಚು ಚುಚ್ಚಿದವು. ನಿಡೋಣಿಯ ಕಡೆಗೆ ಹೋಗುವ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ಕರೆದಾಗ ಅವನ ಮೇಲೆ ನಿಷ್ಕಾರಣವಾಗಿ ಸಿಡುಕಿದೆ. ಅವನು ಬೆರಗಾಗಿ ಹೊರಟುಹೋದ.

ಗುಡಿಯ ಕಟ್ಟೆಯ ಮೇಲೆ ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ತುಟಿ ಒಣಗಿತ್ತು. ಹೆಜ್ಜೆಯ ಸಪ್ಪಳದಿಂದಲೇ ನನ್ನ ಗುರುತು ಹಿಡಿದು, ಯಾಕೆ ಕುಂಟುತ್ತೀ ಎಂದು ಕೇಳಿದಳು. ನಡೆದು ಬಂದ ಹರಕೆಯವರ ಪಾದಗಳಿಗೆ ನೀರು ಹಾಕಿ ಒಳಗೆ ಕರೆಯುವುದು ನಮ್ಮಲ್ಲಿಯ ಪದ್ಧತಿ. ಸೊಸೆ ತಂಬಿಗೆ ಕೊಟ್ಟಳು. ಅಕ್ಕ ಕೆಳಗಿಳಿದು, ತಡವುತ್ತ ನನ್ನ ಕಾಲು ಹುಡುಕಿ, ನೀರು ಸುರಿಯತೊಡಗಿದಳು. ಹಿರಿಯಳು ನನ್ನ ಪಾದ ಮುಟ್ಟಬಾರದೆಂದು ನಾನು ಹಿಂದೆ ಸರಿದೆ.

"ಸುಮ್ನ ನಿಂದರು. ನಿನ್ನ ಕಾಲಿಗಲ್ಲ, ನಾಕು ಹರದಾರಿ ನಡದ ಕಾಲಿಗೆ ಹಾಕಾಕತ್ತೇನಿ," ಎಂದಳು.

ಕಟ್ಟಿಕೊಂಡು ಬಂದಿದ್ದ ಯುಕ್ತಿಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ.

"ಅಕ್ಕಾ, ನಾಕಲ್ಲ. ಮೂರನೇ ಹರದಾರಿ ಗಾಡಿಮ್ಯಾಲ ಬಂದೀನಿ."

ಸೊಸೆ ಹಣೆಗೆ ಕೈ ಹಚ್ಚಿಕೊಂಡಳು. ಆಕೆಗೆ ಕಂಡದ್ದು ಮತ್ತೆ ಕೈತಪ್ಪಿ ಹೋಗುವ ಗುರುವಾರ. ನನಗೆ ಕಂಡದ್ದೂ ಅದೇ. ಅಕ್ಕ ತಂಬಿಗೆಯನ್ನು ಕೆಳಗಿಟ್ಟಳು. ಬೇಲಿಯ ಸಂಗತಿ, ಹಿಮ್ಮಡಿಯ ಸಂಗತಿ, ಪಡದವನ ಸಂಗತಿ ಎಲ್ಲವನ್ನೂ ಹೇಳಿದೆ. ಆಕೆಯ ಉಪವಾಸದ ಮಾತನ್ನು ಮಾತ್ರ ಎತ್ತಲಿಲ್ಲ. ತಪ್ಪನ್ನು ಅವಳ ಮೇಲೆ ಹೊರಿಸಿದಂತಾಗುತ್ತಿತ್ತು. ಆಕೆ ಬೆರಳು ಮಡಚಿ ಎಣಿಸಿದಳು.

"ಮೂರು ನೀ ನಡದಿ. ಒಂದು ಉಳೀತು. ಅದನ್ನ ನಾ ನಡೀತೇನಿ."

"ಕಣ್ಣ ಕಾಣೂದಿಲ್ಲ, ಹೆಂಗ ನಡೀತೀರಿ ಅತ್ತಿ?" ಎಂದಳು ಸೊಸೆ.

"ಅದಕ್ಕ ಡಾಕ್ಟರ ಅದಾನಲ್ಲ. ಗುರುವಾರ ಅಂದ್ರಲ್ಲ? ಗುರುವಾರ ಹೋಗೂಣು." ಸೊಸೆಯ ಕಡೆ ಕೈ ಚಾಚಿ, "ಹರಕಿ ಇವತ್ತ ಮುಗಿಯೂದಿಲ್ಲ ಅಂದ ಮ್ಯಾಲ ಉಪವಾಸ ಯಾಕ? ನೀರ ಕೊಡು. ಹಂಗ ಚಾನೂ ಇಡು," ಎಂದಳು.

ಕಾಯಿ ಒಡೆಯಲಿಲ್ಲ. ಸೀರೆಯ ತುಂಡಿನ ಸಮೇತ ಅದನ್ನು ಮನೆಗೆ ಒಯ್ದು ದೇವರ ಜಗುಲಿಯ ಮೇಲಿಟ್ಟಳು.

ಗುರುವಾರ ಒಂದು ಕಣ್ಣು, ಮೂರು ವಾರದ ತರುವಾಯ ಇನ್ನೊಂದು. ಎರಡೂ ಸುಸೂತ್ರವಾಗಿ ಆದವು. ಪಟ್ಟಿ ಬಿಚ್ಚಿದ ದಿನ ಆಕೆ ಮೊದಲು ನೋಡಿದ್ದು ನನ್ನನ್ನು. ಎಷ್ಟು ಮುದುಕ ಆಗೀದಿ ಎಂದು ಗದರಿಸುವ ದನಿಯಲ್ಲಿ ಹೇಳಿದಳು. ಆದರೆ ನನಗೆ ನೆಮ್ಮದಿಯಾಗಲಿಲ್ಲ. ಧೂಳು ತಾಗಬಾರದು, ಬಗ್ಗಬಾರದು, ಔಷಧದ ಹನಿ ತಪ್ಪಿಸಬಾರದು ಎಂದು ವೈದ್ಯರು ಎರಡು ತಿಂಗಳು ಕಟ್ಟುಹಾಕಿದ್ದರು. ಆ ಎರಡು ತಿಂಗಳೂ ಗಾಂಧಿ ಚೌಕದ ಗದ್ದಲದಲ್ಲಿ ತರಕಾರಿ ಕೊಳ್ಳುವಾಗಲೂ ಉಳಿದ ಆ ಒಂದು ಹರದಾರಿ ನನ್ನೊಡನೆ ಇರುತ್ತಿತ್ತು. ಅವಳಿಗೆ ಎಪ್ಪತ್ತೇಳು ವರ್ಷ, ನಡೆಯುವಳೇ? ನಡುವೆ ಬಿದ್ದರೆ? ನಡೆಯದೆಯೇ ಹೋಗಿಬಿಟ್ಟರೆ? ಜಪದ ಮಣಿ ಎಲ್ಲಿ ನಿಂತಿತೆಂಬುದನ್ನು ಮರೆತು ಮತ್ತೆ ಮೊದಲಿನಿಂದ ಎಣಿಸಿದ ದಿನಗಳು ಬಹಳ. ಒಂದು ದಿನ ತಡೆಯಲಾರದೆ ತಿಕೋಟಾದ ಬಸ್ಸು ಹತ್ತಿ ಆ ಪಡದವನ ಬಳಿಗೆ ಹೋಗಿ, ಅಂದು ನಡೆದುದನ್ನೆಲ್ಲ ವಿವರಿಸಿದೆ. ಹರಕೆಯ ಹಾದಿಯೆಂದು ತಿಳಿಯದೆ ಹತ್ತಿಸಿಕೊಂಡೆನಲ್ಲ ಎಂದು ಅವನು ಬಹಳ ನೊಂದುಕೊಂಡ. ಯಾವ ದಿನ ಬರುತ್ತೀರೋ ಹೇಳಿ, ಬೇಲಿ ಬಿಚ್ಚಿಸಿರುತ್ತೇನೆ ಎಂದ.

ಮಾಘ ಮಾಸದ ಒಂದು ಸೋಮವಾರ, ಬಿಸಿಲೇರುವ ಮುಂಚೆ, ಸೊಸೆ ನಮ್ಮಿಬ್ಬರನ್ನೂ ಕಾರಿನಲ್ಲಿ ಹೊಂಡದ ಬಳಿ ಇಳಿಸಿ, ಗುಡಿಗೆ ಕರೆದೊಯ್ಯಲು ಹಳ್ಳದ ಆಚೆ ಕಾಯುತ್ತೇನೆಂದು ಹೋದಳು. ಮಾತಿನಂತೆ ಎರಡು ಕಡೆ ತಂತಿ ಬಿಚ್ಚಿ ಸುರುಳಿ ಸುತ್ತಿಟ್ಟಿದ್ದರು. ಅಕ್ಕ ಚಪ್ಪಲಿ ಬಿಟ್ಟು, ಬಾವಿಯಿದ್ದ ದಿಕ್ಕಿಗೆ ಬಾಗಿ, ಬಳ್ಳಿಗಳ ಕೆಳಗೆ ಹೊಕ್ಕಳು. ಕಾಯಿಯ ಗಂಟು ಆಕೆಯ ಕಂಕುಳಲ್ಲಿತ್ತು. ತಲೆಯ ಮೇಲೆ ಹಸಿರು ಗೊಂಚಲುಗಳು. ಆಕೆ ಒಂದೊಂದನ್ನೂ ನಿಂತು ನೋಡುತ್ತಿದ್ದಳು. ಬೇಗ ಬೇಗ ಎಂದು ನಾನು ಅವಸರಪಡಿಸುತ್ತಿದ್ದೆ.

ಪಡ ಮುಗಿದು ಬಯಲಿಗೆ ಬಂದಾಗ, ಐವತ್ತೈದು ವರ್ಷಗಳಿಂದ ಎದೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ಹರದಾರಿ ಎಂದರೆ ಹರನ ದಾರಿಯಲ್ಲ, ಮೂರು ಮೈಲಿಯ ಅಳತೆ ಮಾತ್ರ. ಚಿಕ್ಕವನಿದ್ದಾಗ ತಿಳಿಯದೆ ಹೇಳಿದ್ದೆ. ಆಮೇಲೆ ತಿಳಿದರೂ ಬಾಯಿ ಬಿಡಲಿಲ್ಲ. ಅಕ್ಕ ನಡಿಗೆಯನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತಿಲ್ಲೇನು? ಮಾವ ಬಂಡಿ ಹೊಡೀತಿದ್ರಲ್ಲ. ಹರದಾರಿಗೊಮ್ಮೆ ಎತ್ತಿಗೆ ನೀರ ಕುಡಸ್ತಿದ್ರು. ಮದಿವ್ಯಾದ ವರ್ಷನ ಗೊತ್ತಾಗಿತ್ತು."

"ಮತ್ತ ಇಷ್ಟ ವರ್ಷ ನಮಸ್ಕಾರ ಯಾಕ ಮಾಡಿದಿ?"

"ನೀ ಹೇಳಿದ್ದಿ. ನೀ ಉಳದಿ. ಮತ್ತೇನ ಬೇಕು?"

ಇನ್ನೂ ಅರ್ಧದಷ್ಟು ದೂರ ಬಾಕಿಯಿತ್ತು. ಆಕೆಯ ಉಸಿರು ಜೋರಾಗುತ್ತಿತ್ತು, ಅಂಗಾಲಿನಲ್ಲಿ ಒಂದು ಕಡೆ ರಕ್ತ ಜಿನುಗಿತ್ತು. ಇಷ್ಟು ಸಾಕು, ಹರ ಒಪ್ಪಿಕೊಳ್ಳುತ್ತಾನೆ, ಇಲ್ಲಿಗೇ ಕಾರು ತರಿಸುತ್ತೇನೆ ಎಂದೆ. ಅಕ್ಕ ನಿಂತು, ಹೊಸ ಕಣ್ಣುಗಳಿಂದ ನನ್ನನ್ನು ನೇರವಾಗಿ ನೋಡಿದಳು.

"ಹರನ ದಾರಿ ಆಗಿದ್ರ ಅಂವ ಮಾಫಿ ಮಾಡತಿದ್ದ. ನೀ ಈಗ ಅಳತಿ ಅಂದಿ. ಅಳತಿ ಅಂದ ಮ್ಯಾಲ ಪೂರಾ ಅಳೀಬೇಕಲ್ಲೋ ಪಂಡಿತ."

ಆಕೆ ಕಾಯಿಯನ್ನು ಎಡಗೈಗೆ ಬದಲಾಯಿಸಿ ಬಲಗೈಯನ್ನು ಚಾಚಿದಳು. ಹರಕೆಯಲ್ಲಿ ಕೈ ಹಿಡಿದುಕೊಂಡು ಎಂಬ ಮಾತಿದೆ, ಅದನ್ನೂ ಮರೆತೆಯಾ ಎಂದಳು. ಹಿಡಿದೆ. ಹಿಡಿದ ಮೇಲೆ ಗಡಿಯಾರ ನೋಡುವಂತಿರಲಿಲ್ಲ; ಗಡಿಯಾರವಿದ್ದದ್ದು ಅದೇ ಕೈಗೆ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ, ಆಕೆ ನಿಂತಾಗಲೆಲ್ಲ ನಾನೂ ನಿಲ್ಲುತ್ತ, ಹಳ್ಳದವರೆಗೆ, ಉಳಿದಿದ್ದ ಹರದಾರಿಯ ಕೊನೆಗೆ, ಬಂದೆವು. ಹರಳಿನ ಗುಡ್ಡೆ ಇರಲಿಲ್ಲ. ಯಾವುದೋ ಮಳೆಗಾಲದ ನೀರು ಒಯ್ದಿರಬೇಕು. ನಾನು ಅತ್ತಿತ್ತ ಹುಡುಕಾಡುತ್ತಿರುವಾಗ ಅಕ್ಕ ಬಗ್ಗಿ ಒಂದು ಹರಳನ್ನು ಆಯ್ದು, ದಂಡೆಯ ಮೇಲಿಟ್ಟು, ನಮಸ್ಕರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಇನ್ನೊಂದನ್ನು ನಾನು ಇಡಲೆಂದು ಕಾಯುತ್ತ ನಿಂತಳು.